ಹಾಲು ಒಲ್ಲದ ಮರಿ

ಸತ್ತವರಿಗೆ ಇಟ್ಟ ಎಡೆ ಕಾಗೆಯ ಹೊಟ್ಟೆಗೆ ಹೋಗುತ್ತದೆ, ಅಷ್ಟೇ ಎಂದು ವಾದಿಸಿ ಮನೆಯಲ್ಲಿ ಬೈಸಿಕೊಂಡವನು ನಾನು. ಕೊಯಮತ್ತೂರಿನ ಮಗ್ಗದ ಮನೆಯಲ್ಲಿ ಹುಟ್ಟಿ ಪಶುವೈದ್ಯನಾದವನು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಆನೈಮಲೈ ಹತ್ತಿರ, ಗಾಯಗೊಂಡ ಕೋತಿಗಳನ್ನು ಆರೈಕೆ ಮಾಡಿ ಕಾಡಿಗೆ ಬಿಡುವ ಒಂದು ಆಶ್ರಯಧಾಮದಲ್ಲಿದ್ದೆ. ಪಕ್ಕದ ತೆಂಗಿನ ತೋಪಿನಲ್ಲಿ ಕರೆಂಟು ತಂತಿ ತಗುಲಿ ತಾಯಿಕೋತಿಯೊಂದು ಸತ್ತಿತು. ಎದೆಗೆ ಅವಚಿಕೊಂಡಿದ್ದ ಮರಿ ಉಳಿಯಿತು. ತೋಪಿನವರು ತಾಯಿಗೆ ಅರಿಶಿನ ಕುಂಕುಮ ಹಚ್ಚಿ ಅಲ್ಲೇ ಮಣ್ಣು ಮಾಡಿದರು. ಮರಿಯನ್ನು ನಾನು ತಂದೆ.

ಅದು ಹಾಲು ಕುಡಿಯಲಿಲ್ಲ. ಸಿರಿಂಜಿನಲ್ಲಿ ಬಿಟ್ಟರೆ ಉಗುಳುತ್ತಿತ್ತು. ಚರ್ಮದಡಿ ಡ್ರಿಪ್ ಕೊಟ್ಟು ಎರಡು ದಿನ ತಳ್ಳಿದೆ. ಮೂರನೆಯ ಬೆಳಿಗ್ಗೆ ಕೈಕಾಲು ತಣ್ಣಗಾಗತೊಡಗಿದವು. ಇನ್ನು ಸಂಜೆ ಕಾಣುವುದಿಲ್ಲ ಎಂದುಕೊಂಡೆ.

ಕೋತಿಗಳಿಗೆ ಊಟ ಹಾಕುತ್ತಿದ್ದ ರುಕ್ಮಿಣಕ್ಕ ಉಡುಮಲೈಪೇಟೆಯವಳು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವವಳು. ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವುದು ನಮ್ಮಲ್ಲಿ ಪದ್ಧತಿ. "ತಾಯಿಗೆ ಬಿಟ್ಟಿಲ್ಲ ತಂಬಿ. ಅವಳು ಕುಡೀದೆ ಕೂಸು ಹೆಂಗೆ ಕುಡೀತದೆ? ಪಾವಂ, ಪಾಪದ್ದು!" ಎಂದಳು.

"ಹೋಗಕ್ಕಾ, ಅದೇನು ನಿಮ್ಮತ್ತೆಯಾ?" ಎಂದು ರೇಗಿದೆ. ಅವಳು ಜಗ್ಗಲಿಲ್ಲ. ಚೊಂಬು ಹಿಡಿದು ತೋಪಿಗೆ ಹೊರಟೇಬಿಟ್ಟಳು. ನಾನು ಬಾಗಿಲು ಹಾಕಿಕೊಂಡು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಮರಿ ಬಾಯಿ ಚಪ್ಪರಿಸಿತು. ಸಿರಿಂಜನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯಿತು. ಅಬ್ಬಾ, ನನಗಾದ ಸಂತೋಷ! ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಅದರ ಬಾಯಿಂದ ತುಪ್ಪದ ವಾಸನೆ ಘಮ್ಮೆಂದಿತು. ನಾನು ಕೊಟ್ಟದ್ದು ಡಬ್ಬಿಯ ಪುಡಿಹಾಲು. ತುಟಿಯನ್ನು ಬೆರಳಿನಿಂದ ಒರೆಸಿ ನೋಡಿದೆ, ಜಿಡ್ಡಿತ್ತು.

ರುಕ್ಮಿಣಕ್ಕ ಬಂದ ಕೂಡಲೇ, ಹಾಲುತುಪ್ಪ ಎಷ್ಟು ಹೊತ್ತಿಗೆ ಬಿಟ್ಟೆ ಎಂದು ಕೇಳಿದೆ. "ಗಡಿಯಾರ ಯಾರು ನೋಡಿದ್ರು ತಂಬಿ? ಕೂಸು ಕುಡೀತಾ, ಇಲ್ವಾ?" ಎಂದಳು.

ಆ ಮರಿ ಬೆಳೆದು ಹಿಂಡು ಸೇರಿತು. ತುಪ್ಪ ಎಲ್ಲಿಂದ ಬಂತೆಂದು ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಹೋದ ವರ್ಷ ಮದುಕ್ಕರೈ ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತ ಕೋತಿಯ ಮರಿ, ನಾನೀಗಿರುವ ಕೊಯಮತ್ತೂರಿನ ಆಸ್ಪತ್ರೆಗೆ ಬಂತು. ಅದೂ ಹಾಲು ಒಲ್ಲದು. ಮೂರನೆಯ ದಿನ, ಯಾರಿಗೂ ಹೇಳದೆ, ನಾನೇ ಹಾಲುತುಪ್ಪ ಒಯ್ದು ಅದರ ತಾಯಿಯನ್ನು ಹೂತ ಗುಂಡಿಯ ಮೇಲೆ ಬಿಟ್ಟೆ. ಕೈಯನ್ನೂ ಮುಗಿದೆ. ಹೋಗಿ ಬರಲು ಒಂದು ಗಂಟೆ ಹಿಡಿಯಿತು. ಬಂದು ನೋಡಿದರೆ ಮರಿ ಸತ್ತಿತ್ತು. ಆ ಒಂದು ಗಂಟೆ ನಾನು ಅದರ ಹತ್ತಿರ ಇರಬೇಕಾಗಿತ್ತು.