ಆಚೆ ದಡದ ಗೌರಕ್ಕ

ಮಳೆಗಾಲದಲ್ಲಿ ಗೌರಕ್ಕನ ಬೈಗುಳ ನಮಗೆ ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತು. ಹಳ್ಳದ ಅಬ್ಬರದಲ್ಲಿ ಮಾತು ಮುಳುಗಿ, ಆಚೆ ದಡದಲ್ಲಿ ಕಂಬಳಿಕೊಪ್ಪೆ ಹಾಕಿ ನಿಂತ ಅವಳ ಕೈ ಮಾತ್ರ ಆಡುತ್ತಿತ್ತು. ಯಾವ ಕೈಸನ್ನೆಗೆ ಯಾವ ಬೈಗುಳ ಎಂಬುದು ಬೇಸಿಗೆಯಲ್ಲಿ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು.

ಮಗ್ಗೆಯ ಕಡೆ ಹೇಮಾವತಿಗೆ ಸೇರುವ ಹಳ್ಳ ನಮ್ಮದು. ಹೊಳೆ ತುಂಬಿದರೆ ಹಳ್ಳದ ನೀರು ಸೇರಲು ಜಾಗವಿಲ್ಲದೆ ಹಿಂದಕ್ಕೆ ಒತ್ತಿ ದಡ ಕೊರೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಗೌರಕ್ಕನಿಗೆ ಉಳಿದದ್ದು ದಡದ ಗದ್ದೆ, ಅದರಂಚಿನ ಕೊಟ್ಟಿಗೆ, ಒಂದು ಹಸು. ಅದಕ್ಕೇ ಪ್ರತಿ ಬೇಸಿಗೆಯಲ್ಲೂ ತನ್ನ ದಡದಿಂದ ನೀರಿನೊಳಕ್ಕೆ ಓರೆಯಾಗಿ ಕಲ್ಲು ಪೇರಿಸುತ್ತಿದ್ದಳು. ಅದಕ್ಕೆ ಬಡಿದ ನೀರು ನಮ್ಮ ಗದ್ದೆಗೆ ತಿರುಗುತ್ತಿತ್ತು.

"ಇದು ನ್ಯಾಯವಾ ಗೌರಕ್ಕ?" ಎಂದು ಅಪ್ಪ ಕೇಳಿದರು.

"ಹಳ್ಳಕ್ಕೆ ಮೂಗುದಾರ ಹಾಕಿವ್ನಿ ಕಣೋ ನಂಜಾ. ನಿಂಗೂ ಒಂದು ಬೇಕಾ?"

ಆ ವರ್ಷದ ಮಳೆಗೆ ನಮ್ಮ ಕೆಳಗಿನ ಗದ್ದೆ ಕೊಚ್ಚಿಹೋಯಿತು. ಮುಂದಿನ ಬೇಸಿಗೆಯಿಂದ ಅಪ್ಪನೂ ಕಲ್ಲು ಪೇರಿಸಿದರು. ಅವಳು ಒಂದು ಮೊಳ ಏರಿಸಿದರೆ ಅಪ್ಪ ಒಂದೂವರೆ. ಬಾಳೆಗೊನೆ ಕದಿಯುವ ಮಂಗಕ್ಕೂ ನಮ್ಮ ಮನೆಯಲ್ಲಿ ಅವಳದೇ ಹೆಸರು.

ತೊಂಬತ್ತರ ದಶಕದ ಕೊನೆಯ ಒಂದು ಆಷಾಢದ ಬೆಳಿಗ್ಗೆ, ನೀರು ಅವಳ ಕಲ್ಲಿನ ಹಿಂದಿನಿಂದ ನುಗ್ಗಿ ಕೊಟ್ಟಿಗೆಯನ್ನು ಸುತ್ತುವರಿಯಿತು. ಹಸು ಬಿಚ್ಚಲು ಬಂದ ಗೌರಕ್ಕ ಒಳಗೇ ಸಿಕ್ಕಿಕೊಂಡಳು. ಅಲ್ಲಿ ಹಳ್ಳ ಕಿರಿದು. ಅಪ್ಪ ಹಗ್ಗ ಎಸೆದು, ಸೊಂಟಕ್ಕೆ ಕಟ್ಟಿಕೊಳ್ಳುವಂತೆ ಸನ್ನೆ ಮಾಡಿದರು. ಅವಳು ಹಗ್ಗವನ್ನು ಹಸುವಿನ ಕೊಂಬಿಗೆ ಕಟ್ಟಿ, ಅದನ್ನು ನೀರಿಗೆ ತಳ್ಳಿದಳು. ನಾವೆಲ್ಲ ಸೇರಿ ಎಳೆದೆವು. ಹಸು ನಮ್ಮ ದಡ ಹತ್ತಿದಾಗ ಗೌರಕ್ಕ ಅದರ ಕಡೆ ಕೈ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಅಪ್ಪನ ಕಡೆ ಬೆರಳು ಆಡಿಸಿದಳು. ಆ ಸನ್ನೆ ನಮಗೆ ಗೊತ್ತಿತ್ತು: "ಹಸ ನಂದು. ನಿಂದು ಅಂದ್ಕಂಬುಟ್ಟೀಯ."

ಅಪ್ಪ ಕೊಂಬಿನ ಗಂಟು ಬಿಚ್ಚುತ್ತಿದ್ದಾಗಲೇ ಆಚೆ ದಡ ಕುಸಿಯಿತು. ಕೊಟ್ಟಿಗೆ ವಾಲಿ ಅವಳ ಜೊತೆಗೇ ನೀರಿಗೆ ಹೋಯಿತು. ಕಲ್ಲುಗಳು ಒಂದಕ್ಕೊಂದು ಬಡಿದ ಸದ್ದು ಹಳ್ಳದ ಅಬ್ಬರವನ್ನೂ ಮೀರಿ ಕೇಳಿಸಿತು. ಅವು ಅವಳ ಕಲ್ಲುಗಳೋ ನಮ್ಮವೋ, ನಾನು ಹೇಳಲಾರೆ.

ನೀರಿಳಿದ ಮೇಲೆ ಅಪ್ಪ ಹಸುವನ್ನು ಅವಳ ತಮ್ಮನ ಮನೆಗೆ ಹೊಡೆದುಕೊಂಡು ಹೋದರು. ಜೊತೆಗೆ ನಾನಿದ್ದೆ.

"ನೀವೇ ಇಟ್ಕಳಿ ಬುಡಣ್ಣ, ನೀವ್ ಉಳ್ಸಿದ್ದು" ಎಂದ ತಮ್ಮ.

ಅಪ್ಪ ಅವನ ಗೂಟಕ್ಕೇ ಹಸು ಕಟ್ಟಿದರು.

"ಬ್ಯಾಡ ಮಾರಾಯ" ಎಂದರು. "ಬೈತಾಳೆ."