ಬಿಳಿ ಮುಸುಕಿನ ವಕೀಲರು

ನಮ್ಮ ಕಂಪನಿಯ ಪೇಟೆಂಟ್ ಇರುವುದು ಚಿಪ್‌ಗೆ ಅಲ್ಲ, ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯನ್ನು ತೊಳೆದ ಮೇಲೆ ಒಣಗಿಸುವ ವಿಧಾನಕ್ಕೆ. ಅದನ್ನು ಯಾರಾದರೂ ಕದ್ದರೆ ಚಿಪ್ ನೋಡಿ ಹೇಳಲಾಗದು, ಅವರ ಕಾರ್ಖಾನೆಯೊಳಗೇ ಹೋಗಿ ನೋಡಬೇಕು. ಕದ್ದಿದ್ದಾರೆಂದು ನಾವು ಕೇಸು ಹಾಕಿದ್ದ ಎದುರು ಪಕ್ಷದವರ ಕಾರ್ಖಾನೆ ಆಂಧ್ರದ ಅನಕಾಪಲ್ಲಿ ಹತ್ತಿರ. ಕೋರ್ಟ್ ಅನುಮತಿ ಕೊಟ್ಟ ಮೇಲೆ, ವಿಶಾಖಪಟ್ಟಣದಿಂದ ನಮ್ಮ ವಕೀಲರ ಜೊತೆ ಕಾರಿನಲ್ಲಿ ಹೊರಟೆ.

ಧೂಳು ಬೀಳಬಾರದೆಂದು ಒಳಗೆ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮಾಸ್ಕ್. ಕಾಣುವುದು ಕಣ್ಣು ಮಾತ್ರ. ಯಂತ್ರದ ಗಾಜಿನ ಹಿಂದೆ ಬಿಲ್ಲೆಗಳು ನೀರಿನಿಂದ ಮೆಲ್ಲಗೆ ಮೇಲೇಳುತ್ತಿದ್ದವು, ಅವುಗಳ ಮೇಲೆ ಆಲ್ಕೋಹಾಲ್ ಆವಿ ಹಾಯುತ್ತಿತ್ತು. ಥೇಟ್ ನಮ್ಮದೇ ವಿಧಾನ. ಪಕ್ಕದಲ್ಲಿ ನಮ್ಮ ವಕೀಲರದೇ ಗುಂಡು ಮೈ ಕಂಡಿತು. ತೋಳು ಹಿಡಿದು, "ಸಿಕ್ಕಿಬಿದ್ರು ಸಾರ್, ನೋಡಿ" ಎಂದು ನನ್ನ ಹರಕು ತೆಲುಗಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ವಿಜಯವಾಡದ ಅವರ ಆಫೀಸಿನಲ್ಲಿ ಎಷ್ಟು ಹೇಳಿದರೂ ಅವರ ತಲೆಗೆ ಹೋಗದಿದ್ದದ್ದು ಅವತ್ತು ಹೋದಂತಿತ್ತು. "ಇಂಕೋಸಾರಿ ಚೆಪ್ಪಂಡಿ" ಎಂದರು. ಖುಷಿಯಿಂದ ಇನ್ನೊಂದು ಸಲವೂ ಹೇಳಿದೆ.

ಹೊರಗೆ ಬಂದು ಮುಸುಕು ತೆಗೆದರೆ, ಅವರು ಎದುರು ಪಕ್ಷದ ವಕೀಲರು.

ಅವರು ನಕ್ಕು, "ನಾನ್ಯಾರು ಅಂತ ಹೇಳೋಕೂ ಬಿಡಲಿಲ್ವಲ್ಲಂಡಿ. ಆ ವಿಧಾನ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ನಮ್ಮ ಇಂಜಿನಿಯರುಗಳು ನನಗೆ ಹೇಳ್ತಾ ಬಂದಿದ್ರು" ಎಂದರು. ಕೆಲವೇ ದಿನಗಳಲ್ಲಿ ರಾಜಿಯ ಮಾತು ಅವರ ಕಡೆಯಿಂದಲೇ ಬಂತು.

ನಮ್ಮ ವಕೀಲರು ಅವತ್ತು ಉಡುಪು ತೊಟ್ಟರೆ ಉಸಿರುಗಟ್ಟುತ್ತದೆಂದು ಹೊರಗೇ ಕಾಫಿ ಕುಡಿಯುತ್ತ ಕೂತಿದ್ದರು. ತಮ್ಮ ವಾದಕ್ಕೇ ಎದುರು ಪಕ್ಷದವರು ಮಣಿದರೆಂದು ಈಗ ಎಲ್ಲರಿಗೂ ಸಿಹಿ ಹಂಚಿದ್ದಾರೆ. ಬಿಲ್ಲೆ ಹೇಗೆ ಒಣಗುತ್ತದೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.