ಬಲಗಡೆಯ ಸಿಳ್ಳೆ

ಕಾಸಾರಶಿರಸಿಯ ಕಸ್ತೂರಬಾಯಿ ಅರವತ್ನಾಲ್ಕು ವರ್ಷ ಬದುಕಿದ್ದು ತುಟಿ ಪಿಟಕ್ಕೆನ್ನದೆ. ಊರವರು ಇದನ್ನು ಹೊಗಳಿಕೆಯೆಂದೇ ಹೇಳುತ್ತಾರೆ. ಹದಿನಾರನೇ ವಯಸ್ಸಿಗೆ ವಲಾಂಡಿಯಿಂದ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಅತ್ತೆಯ ಬಾಯಿ ದೊಡ್ಡದಿತ್ತು. ಹಾಲು ಉಕ್ಕಿದರೂ ಬೈಗುಳ, ಕೊಡ ಒಡೆದರೂ ಬೈಗುಳ. ಉಕ್ಕಿದ್ದನ್ನು ಸದ್ದಿಲ್ಲದೆ ಒರೆಸುವುದನ್ನೂ ಒಡೆದದ್ದನ್ನು ತಿಪ್ಪೆಯಲ್ಲಿ ಹುಗಿಯುವುದನ್ನೂ ಹುಡುಗಿ ಬೇಗ ಕಲಿತಳು. ಒಮ್ಮೆ ಕುದಿಯುವ ಬೆಲ್ಲದ ಪಾಕ ಮುಂಗೈ ಮೇಲೆ ಬಿತ್ತು. ಸೆರಗು ಸುತ್ತಿಕೊಂಡು ಅದೇ ಕೈಯಲ್ಲಿ ಹನ್ನೆರಡು ಜನಕ್ಕೆ ರೊಟ್ಟಿ ಬಡಿದಳು. ಗಾಯ ತಾನಾಗಿ ಮಾಯಿತು. ಹೇಳದಿದ್ದರೆ ಎಲ್ಲವೂ ತಾನಾಗಿ ಮಾಯುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಆಗಲೇ. ಗಂಡ ರೇವಣಪ್ಪ ತೀರಿಕೊಂಡ ದಿನವೂ ಆಕೆಗೆ ಅಳು ಬರಲಿಲ್ಲ. ಬಂದವರಿಗೆಲ್ಲ ನೀರು ಸಿಕ್ಕಿತೋ ಇಲ್ಲವೋ ಎಂದು ನೋಡುತ್ತಿದ್ದಳು. ಒಳಗೆ ಏನೋ ಮರಗಟ್ಟಿದೆ ಎಂಬುದು ಆಕೆಗೂ ಗೊತ್ತಿತ್ತು. ಅದರಿಂದ ಇಷ್ಟು ದಿನ ಯಾರಿಗೂ ತೊಂದರೆಯಾಗಿರಲಿಲ್ಲ.

ಸೊಸೆ ಶುಭಾಂಗಿ ಕೆಟ್ಟವಳಲ್ಲ. ನಿಲಂಗಾದ ಹುಡುಗಿ, ಹನ್ನೆರಡನೆಯ ತರಗತಿ ಓದಿದವಳು, ಅನ್ನುವುದನ್ನು ಎದುರಿಗೇ ಅಂದುಬಿಡುವವಳು. ಎರಡು ವರ್ಷದ ಮಗಳು ಸ್ವಪ್ನಾಲಿಗೆ ಇಡೀ ಶೇಂಗಾ ಕೊಡಬಾರದು, ಪುಡಿ ಮಾಡಿಯೇ ಕೊಡಬೇಕು ಎಂದು ಅತ್ತೆಗೆ ಎರಡು ಸಲ ಹೇಳಿದ್ದಳು. ಎರಡನೆಯ ಸಲ ಹೇಳುವಾಗ ದನಿ ಸ್ವಲ್ಪ ಏರಿತ್ತು. ಅಷ್ಟೇ ಸಾಕಾಯಿತು. ಕಸ್ತೂರಬಾಯಿಗೆ ಸತ್ತ ಅತ್ತೆಯೇ ಎದ್ದುಬಂದು ಅಡುಗೆಮನೆಯಲ್ಲಿ ನಿಂತ ಹಾಗಾಯಿತು.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ ಹೋಗಿದ್ದರು. ಜೋಳದ ದಂಟಿನಿಂದ ಕಟ್ಟಿದ ಪುಟ್ಟ ಗುಡಿಸಲಿನ ಮುಂದೆ ಪೂಜೆಯಾಗಿತ್ತು. ಮಗ ಪಂಡಿತ ಪದ್ಧತಿಯಂತೆ ಅಂಬಲಿಯ ಗಡಿಗೆ ಹಿಡಿದು ಕೂಗುತ್ತ ಗುಡಿಸಲು ಸುತ್ತತೊಡಗಿದ, ಶುಭಾಂಗಿ ಹಿಂದೆ ಹಿಂದೆ ಹೋದಳು. ಮೊಮ್ಮಗಳು ಅಜ್ಜಿಯ ತೊಡೆಯ ಮೇಲಿದ್ದಳು, ಬಾಯಿ ತೆರೆದು ಕೇಳಿದಳು. ಅಜ್ಜಿ ಹುರಿದ ಶೇಂಗಾ ಎರಡು ಕಾಳು ಹಾಕಿದಳು. ಅಷ್ಟರಲ್ಲಿ ಅಪ್ಪ ಕೂಗುತ್ತ ಮೂಲೆ ತಿರುಗಿ ಓಡಿ ಬಂದದ್ದು ನೋಡಿ ಕೂಸು ಕಿಲಕಿಲ ನಕ್ಕಿತು. ನಗು ಅಲ್ಲೇ ಕಟ್ಟಾಯಿತು. ಕೆಮ್ಮು ಬಂತು, ಕಣ್ಣು ಮೇಲಾದವು, ತುಟಿ ನೀಲಿಯಾದವು. ಅಪ್ಪ ಅಷ್ಟರಲ್ಲಿ ಆಚೆ ಬದಿಗೆ ಓಡಿಯಾಗಿತ್ತು. ಕಸ್ತೂರಬಾಯಿ ಕೂಸನ್ನು ಬೋರಲು ಹಾಕಿ ಬೆನ್ನಿಗೆ ನಾಲ್ಕು ಗುದ್ದು ಕೊಟ್ಟಳು. ಕೂಸು ಕಿರುಚಿ ಅತ್ತಿತು, ತುಟಿಗೆ ಬಣ್ಣ ಬಂತು. ಯಾಕೆ ಅಳುತ್ತಿದ್ದಾಳೆ ಎಂದು ಶುಭಾಂಗಿ ಓಡಿಬಂದು ಕೇಳಿದಾಗ, ಎಡವಿ ಬಿದ್ದಳು ಎಂದಳು ಅಜ್ಜಿ.

ಮೂರನೆಯ ದಿನಕ್ಕೆ ಕೂಸಿನ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಮುಚ್ಚಿದ ಕದದ ಸಂದಿಯಿಂದ ಗಾಳಿ ನುಸುಳಿದಂತೆ ಸಣ್ಣಗೆ. ಊರಿನ ಡಾಕ್ಟರು ನೆಗಡಿಯೆಂದು ಔಷಧ ಕೊಟ್ಟರು. ಆಮೇಲೆ ಜ್ವರ ಬಂತು, ನಿಲಂಗಾಕ್ಕೆ ಒಯ್ದರು. ಅಲ್ಲಿ ಮೂಗು ಬಾಯಿಗೆ ಮುಖವಾಡ ಕಟ್ಟಿ ಔಷಧದ ಹಬೆ ಕೊಟ್ಟರು. ನಾಲ್ಕು ದಿನ ಇಳಿಯಿತು, ಮತ್ತೆ ಏರಿತು. ಹೇಗೆ ಶುರುವಾಯಿತು ಎಂದು ಎಲ್ಲ ಕಡೆಯೂ ಕೇಳಿದರು. ತನ್ನಷ್ಟಕ್ಕೆ ತಾನೇ ಶುರುವಾಯಿತು ಎಂದು ಶುಭಾಂಗಿ ತನಗೆ ತಿಳಿದಷ್ಟನ್ನು ಹೇಳಿದಳು. ಅತ್ತೆ ಪಕ್ಕದಲ್ಲಿ ಚೀಲ ಹಿಡಿದು ಕೂತಿರುತ್ತಿದ್ದಳು. ಮೊದಲ ದಿನ ಹೇಳಿದ್ದರೆ ಒಂದೇ ತಪ್ಪು, ಹತ್ತನೆಯ ದಿನ ಹೇಳಿದರೆ ಹತ್ತು ತಪ್ಪು. ಆಕೆಯ ಲೆಕ್ಕ ಹೀಗಿತ್ತು. ದಿನ ಕಳೆದಂತೆ ತುಟಿಗಳು ಇನ್ನೂ ಬಿಗಿದವು.

ಶಿವರಾತ್ರಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಕೂಸು ಹಾಲು ಮುಟ್ಟಲಿಲ್ಲ. ಉಸಿರೆಳೆದಾಗೊಮ್ಮೆ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೇದುತ್ತಿತ್ತು. ಪಂಡಿತ ಗಾಡಿ ಮಾಡಿ ಎಲ್ಲರನ್ನೂ ಉದಗೀರಕ್ಕೆ ಕರೆದೊಯ್ದ. ಅಲ್ಲಿಯ ವಯಸ್ಸಾದ ಡಾಕ್ಟರು ಎದೆಗೆ ನಳಿಗೆ ಹಚ್ಚಿ ಎಡಗಡೆ ಕೇಳಿದರು, ಬಲಗಡೆ ಕೇಳಿದರು, ತಿರುಗಿ ಎಡಗಡೆ ಕೇಳಿದರು. ದಮ್ಮಿದ್ದರೆ ಸಿಳ್ಳೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಇವಳಿಗೆ ಬಲಗಡೆ ಮಾತ್ರ ಇದೆ, ಅದರ ಕೆಳಗೆ ಗಾಳಿಯೇ ಸರಿಯಾಗಿ ಹೋಗುತ್ತಿಲ್ಲ ಎಂದರು. ಕೂಸಿಗೆ ಏನಾದರೂ ಗಂಟಲಲ್ಲಿ ಸಿಕ್ಕಿತ್ತೇ ಎಂದು ಕೇಳಿದರು. ಇಲ್ಲ ಎಂದಳು ಶುಭಾಂಗಿ. ಇಲ್ಲ ಎಂದ ಪಂಡಿತ. ಹಾಗಾದರೆ ಬೇರೆ ಔಷಧ ಶುರು ಮಾಡಿ ಎರಡು ದಿನ ನೋಡೋಣ ಎಂದು ಡಾಕ್ಟರು ಪೆನ್ನು ತೆಗೆದರು.

ಬಾಗಿಲ ಹತ್ತಿರ ನಿಂತಿದ್ದ ಕಸ್ತೂರಬಾಯಿ ಕೂಸಿನ ಪಕ್ಕೆಯನ್ನೇ ನೋಡುತ್ತಿದ್ದಳು. ಎರಡು ದಿನ ಎಂಬ ಮಾತು ಕಿವಿಗೆ ಬಿತ್ತು.

"ನಾ ಶೇಂಗಾ ಕೊಟ್ಟೀನ್ರಿ ಸಾಹೇಬ್ರ. ಎಳ್ಳಮಾಸಿ ದಿನ. ತುಟಿ ನೀಲಿ ಆಗಿದ್ವು."

ಯಾರದೋ ಮನೆಯ ಸುದ್ದಿ ಹೇಳಿದಂತಿತ್ತು ಆ ದನಿ. ಡಾಕ್ಟರು ಗದರಲಿಲ್ಲ. ಪೆನ್ನು ಕೆಳಗಿಟ್ಟು ಆಗಲೇ ಲಾತೂರಿನ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ಆ್ಯಂಬುಲೆನ್ಸ್ ಬರುವುದರೊಳಗೆ ಒಂದೇ ವಿಷಯ ಹೇಳಿದರು: ಕೆಮ್ಮು ನಿಂತ ಮಾತ್ರಕ್ಕೆ ಸಿಕ್ಕಿದ್ದು ಹೊರಗೆ ಬಂತೆಂದಲ್ಲ, ಕೆಲವು ಸಲ ಇನ್ನೂ ಒಳಗೆ ಹೋಗಿ ಸುಮ್ಮನಾಗಿರುತ್ತದೆ, ತುಟಿ ಒಮ್ಮೆ ನೀಲಿಯಾದರೂ ಅದೇ ಗಳಿಗೆ ಓಡಿ ಬರಬೇಕು.

ಲಾತೂರಿನಲ್ಲಿ ಕೂಸಿಗೆ ಮಂಪರು ಬರಿಸಿ ದೀಪವಿದ್ದ ಕೊಳವೆ ಇಳಿಸಿ ತೆಗೆದರು. ಅರ್ಧ ಶೇಂಗಾ ಕಾಳು, ನೆನೆದು ಉಬ್ಬಿತ್ತು. ಬಲ ಪುಪ್ಪುಸದ ಕೆಳಭಾಗದಲ್ಲಿ ಕೀವಾಗಿದೆ, ಗುಣವಾಗುತ್ತದೆ, ಆದರೆ ಬಹಳ ದಿನ ಹಿಡಿಯುತ್ತದೆ ಎಂದರು. ಪಂಡಿತ ಅವ್ವನ ಮುಖ ನೋಡದೆ ಔಷಧ ತರಲು ಹೋದ.

ಮೂರು ದಿನ ಶುಭಾಂಗಿ ಅತ್ತೆಯೊಂದಿಗೆ ಮಾತಾಡಲಿಲ್ಲ. ಕಸ್ತೂರಬಾಯಿ ಬೈಗುಳಕ್ಕಾಗಿ ಕಾದಳು. ಬೈಸಿಕೊಳ್ಳುವುದು ಆಕೆಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ತಲೆ ತಗ್ಗಿಸಿ ಕೂತರೆ ಮುಗಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಶುಭಾಂಗಿ ಆಸ್ಪತ್ರೆಯ ವರಾಂಡಕ್ಕೆ ಬಂದು ಅತ್ತೆ ಕೂತಿದ್ದ ಬೆಂಚಿನ ಮೇಲೆ ಕೂತಳು. ಕಣ್ಣು ಬಾತಿದ್ದವು. ದನಿ ಏರಲಿಲ್ಲ.

"ಅತ್ತಿ, ನೀವು ಹೇಳಿದ್ರ ನಾ ಬೈತಿದ್ದೆ, ಖರೆ. ಬೈದು, ಅವತ್ತೇ ದವಾಖಾನಿಗಿ ಒಯ್ತಿದ್ದೆ."

ಒಳಗೆ ಕೂಸು ಕರೆಯಿತು, ಆಕೆ ಎದ್ದು ಹೋದಳು. ಕಸ್ತೂರಬಾಯಿ ತಗ್ಗಿಸಿದ ತಲೆಯನ್ನು ಎತ್ತದೆ ಕೂತಳು. ಬೈಗುಳ ಮುಗಿದ ಮೇಲೆ ಇನ್ನೇನಾದರೂ ಇರುತ್ತದೆ ಎಂದು ಈ ಮನೆಗೆ ಬಂದ ನಲವತ್ತೆಂಟು ವರ್ಷದಲ್ಲಿ ಆಕೆಗೆ ಒಮ್ಮೆಯೂ ಹೊಳೆದಿರಲಿಲ್ಲ.